ಕಾರ್ಖಾನೆಯ ಸೈಡಿಂಗಿನಲ್ಲಿ ಶಂಟಿಂಗ್ ನಡೆಸುವ ಕ್ರಮ

ಸೋಲಾಪುರದಿಂದ ವಾಡಿಯ ಕಡೆಗೆ ಹೋಗುವ ರೈಲಿನಲ್ಲಿ ಕುಳಿತವರಿಗೆ ಹೋಟಗಿ ಜಂಕ್ಷನ್ನಿನ ಆಸುಪಾಸಿನಲ್ಲಿ, ಮುಖ್ಯ ಮಾರ್ಗದಿಂದ ಕವಲೊಡೆದು ಎರೆಹೊಲಗಳ ನಡುವೆ ಬಾಗುತ್ತ ಹೋಗಿ ಸಿಮೆಂಟ್ ಕಾರ್ಖಾನೆಯ ಗೇಟಿನೊಳಗೆ ಮರೆಯಾಗುವ ಹಳಿ ಕಾಣಿಸುತ್ತದೆ. ಅದರ ಮೇಲೆ ಪ್ರಯಾಣಿಕರ ಗಾಡಿ ಎಂದೂ ಓಡುವುದಿಲ್ಲ. ರೈಲ್ವೆಯವರು ಅದನ್ನು ಖಾಸಗಿ ಸೈಡಿಂಗ್ ಎನ್ನುತ್ತಾರೆ. ಅಲ್ಲಿ ಎಂಜಿನ್ನಿನಿಂದ ವ್ಯಾಗನ್‌ಗಳನ್ನು ಒಂದು ಲೈನಿನಿಂದ ಇನ್ನೊಂದಕ್ಕೆ ಸರಿಸಿ, ಬಿಡಿಸಿ, ಕೂಡಿಸುವ ಕೆಲಸವೇ ಶಂಟಿಂಗ್. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1860ರಲ್ಲಿ ಸೋಲಾಪುರವನ್ನು ಮುಟ್ಟಿ, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. 1884ರಲ್ಲಿ ಹೋಟಗಿಯಿಂದ ವಿಜಯಪುರದ ಮೇಲೆ ಗದಗಿಗೆ ಮೀಟರ್ ಗೇಜ್ ಹಳಿ ಬಂದಿತು. ವಾಡಿ, ಸೇಡಂ ಭಾಗದ ಸುಣ್ಣಕಲ್ಲಿನ ನೆಲದಲ್ಲಿ ಸುಟ್ಟ ಕ್ಲಿಂಕರನ್ನು (ಅರೆದರೆ ಸಿಮೆಂಟಾಗುವ ಗಟ್ಟಿ ಉಂಡೆಗಳನ್ನು) ಈ ಕಡೆಗೆ ತಂದು, ಇಲ್ಲಿ ಅರೆದು, ಚೀಲಕ್ಕೆ ತುಂಬಿ ಮಹಾರಾಷ್ಟ್ರದ ಪೇಟೆಗಳಿಗೆ ಕಳಿಸಲು ಆ ಹಳೆಯ ಸೋಲಾಪುರ-ರಾಯಚೂರು ಮಾರ್ಗವೇ ಇಂದಿಗೂ ಆಧಾರ.

ದಕ್ಷಿಣ ಸೋಲಾಪುರ ಮತ್ತು ಅಕ್ಕಲಕೋಟೆ ತಾಲೂಕುಗಳ ಕನ್ನಡದ ಹುಡುಗರು ಇಂಥ ಸೈಡಿಂಗುಗಳಲ್ಲಿ ಪಾಯಿಂಟ್ಸ್‌ಮನ್ (ಹಳಿ ಕವಲೊಡೆಯುವ ಕಡೆ, ಅಂದರೆ ಪಾಯಿಂಟಿನಲ್ಲಿ, ಹಳಿ ತಿರುಗಿಸುವವನು) ಆಗಿ, ಶಂಟರನ ಸಹಾಯಕರಾಗಿ ಕೆಲಸಕ್ಕೆ ಸೇರುತ್ತಾರೆ. ನಾನು ಸೇರಿದಾಗ ಕೈಗೆ ಬಂದ ನಿಯಮಗಳ ಕಾಗದ ಇಂಗ್ಲಿಷಿನಲ್ಲಿತ್ತು, ವಿವರಿಸಿದವರು ಹಿಂದಿಯಲ್ಲಿ ವಿವರಿಸಿದರು, ಎಂಜಿನ್ ನಡೆಸುವವರು ತೆಲುಗಿನಲ್ಲಿ ಕೂಗುತ್ತಿದ್ದರು, ನಾನು ಮಾತ್ರ ಕನ್ನಡದಲ್ಲಿ ಯೋಚಿಸುತ್ತಿದ್ದೆ. ಆದ್ದರಿಂದ ಈ ಕೆಲಸದ ಕ್ರಮವನ್ನು ನಮ್ಮ ಭಾಷೆಯಲ್ಲಿ, ಒಂದನ್ನೂ ಬಿಡದೆ ಹೇಳಿಕೊಡುವ ಬರಹವೊಂದು ಇರಬೇಕೆಂದು ಬಹಳ ದಿನದಿಂದ ಅನ್ನಿಸುತ್ತಿತ್ತು.

ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿ ಒಂದಿದೆ. ಸ್ಟೇಷನ್ನಿನಲ್ಲಿ ಸ್ಟೇಷನ್ ಮಾಸ್ತರರು ಬೇರೆ, ಎಂಜಿನ್ ನಡೆಸುವವರು ಬೇರೆ, ಇಬ್ಬರ ನಡುವೆ ಸಿಗ್ನಲ್ ಇರುತ್ತದೆ. ಪಾಯಿಂಟ್ ಸರಿಯಾಗಿ ಕೂಡದಿದ್ದರೆ ಸಿಗ್ನಲ್ ಬೀಳುವುದೇ ಇಲ್ಲ. ಕಾರ್ಖಾನೆಯ ಗೇಟಿನ ಒಳಗೆ ಹೆಚ್ಚಿನ ಕಡೆ ಆ ವ್ಯವಸ್ಥೆ ಇರುವುದಿಲ್ಲ. ಮಾಲು ಬೇಗ ಹೊರಡಲಿ ಎಂದು ಅವಸರಪಡಿಸುವವರೂ ಕಾರ್ಖಾನೆಯವರೇ, ಗಾಡಿ ಸರಿಸಲು ಅಪ್ಪಣೆ ಕೊಡುವವರೂ ಕಾರ್ಖಾನೆಯವರೇ. ಯಂತ್ರ ಮಾಡಬೇಕಾದ ತಡೆಯನ್ನು ಇಲ್ಲಿ ಮನುಷ್ಯರು ಮಾಡಬೇಕಾಗುತ್ತದೆ. ಕೆಳಗೆ ಹೇಳುವ ಪ್ರತಿಯೊಂದು ಕ್ರಮವೂ ಈ ಒಂದು ಕಾರಣದಿಂದಲೇ ಹುಟ್ಟಿದ್ದು.

ಹಳಿಗಳ ನಕ್ಷೆ ಮನಸ್ಸಿನಲ್ಲಿ ಕೂರಬೇಕು

ಕೆಲಸಕ್ಕೆ ಸೇರಿದ ಮೊದಲ ವಾರ ಪಾಯಿಂಟಿನ ಲಿವರನ್ನು ಮುಟ್ಟುವ ಮುಂಚೆ, ಗೇಟಿನಿಂದ ಡೆಡ್ ಎಂಡಿನವರೆಗೆ, ಅಂದರೆ ಹಳಿ ಮುಗಿಯುವ ಕಡೆಯವರೆಗೆ, ಹಳಿಯ ಪಕ್ಕದಲ್ಲಿ ನಡೆದು, ಒಂದೊಂದು ಲೈನಿನ ಉದ್ದವನ್ನೂ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಸಿಮೆಂಟ್ ಚೀಲ ತುಂಬುವ ಬಿಸಿಎನ್‌ಎಚ್‌ಎಲ್ ಮುಚ್ಚಿದ ವ್ಯಾಗನ್ ಒಂದರ ಉದ್ದ ಕಪ್ಲಿಂಗ್ (ವ್ಯಾಗನ್‌ಗಳನ್ನು ಕೂಡಿಸುವ ಕೊಂಡಿ) ಸೇರಿ 10.963 ಮೀಟರ್. 58 ವ್ಯಾಗನ್‌ಗಳ ಪೂರ್ತಿ ರೇಕ್ (ಒಂದಾಗಿ ಕೂಡಿಸಿದ ವ್ಯಾಗನ್‌ಗಳ ಸಾಲು) ಎಂದರೆ ಸುಮಾರು 636 ಮೀಟರ್. ಎಂಜಿನ್ ಮತ್ತು ಬ್ರೇಕ್ ವ್ಯಾನ್ ಸೇರಿದರೆ ಇನ್ನೂ ಹೆಚ್ಚು. ಸ್ಟೇಷನ್ನಿನಲ್ಲಿ ಮುಖ್ಯ ಮಾರ್ಗದ ಪಕ್ಕಕ್ಕೆ ಗಾಡಿ ನಿಲ್ಲಿಸುವ ಲೂಪ್ ಲೈನಿಗೆ 686 ಮೀಟರ್ ಎಂಬ ಅಳತೆ ಬಹುಕಾಲದಿಂದ ರೂಢಿಯಲ್ಲಿರುವುದು ಇಷ್ಟು ಉದ್ದದ ಗಾಡಿ ಅದರಲ್ಲಿ ಹಿಡಿಯಬೇಕೆಂದೇ. ಹಳೆಯ ಕಾರ್ಖಾನೆಗಳಲ್ಲಿ ಇಷ್ಟು ಉದ್ದದ ಲೈನ್ ಒಂದೇ ಇದ್ದು, ತುಂಬುವ ಪ್ಲಾಟ್‌ಫಾರ್ಮ್ ಅರ್ಧ ರೇಕಿನಷ್ಟೇ ಇರುತ್ತದೆ. ಆಗ ರೇಕನ್ನು 29 ಮತ್ತು 29 ಎಂದು ತುಂಡರಿಸಿ ಎರಡು ಸಲ ಇಡಬೇಕಾಗುತ್ತದೆ. ಶಂಟಿಂಗ್ ಎಂಬ ಕೆಲಸ ಹುಟ್ಟುವುದೇ ಇಂಥ ಕೊರತೆಯಿಂದ.

ಬರೆದುಕೊಳ್ಳಬೇಕಾದ ಎರಡನೆಯ ಅಳತೆ ಶಂಟಿಂಗ್ ನೆಕ್ಕಿನದು. ಪಾಯಿಂಟಿನ ಆಚೆ ಎಂಜಿನ್ ತನ್ನ ವ್ಯಾಗನ್‌ಗಳೊಂದಿಗೆ ಹಿಂದೆ ಸರಿದು ನಿಲ್ಲುವ ಆ ತುಂಡು ಹಳಿ ಎಷ್ಟು ಉದ್ದವೋ ಅಷ್ಟೇ ವ್ಯಾಗನ್‌ಗಳನ್ನು ಒಂದು ಸಲಕ್ಕೆ ಬೇರೆ ಲೈನಿಗೆ ಬದಲಿಸಲು ಸಾಧ್ಯ. ಮೂರನೆಯದು ಫೌಲಿಂಗ್ ಮಾರ್ಕ್. ಎರಡು ಹಳಿಗಳು ಕೂಡುವ ಕಡೆ ನೆಲದಲ್ಲಿ ಹುಗಿದ ಆ ಗುರುತನ್ನು ದಾಟಿ ಹಳಿಗಳು ಕೂಡುವ ಕಡೆಗೆ ವ್ಯಾಗನ್ನಿನ ಮೂತಿ ಚಾಚಿಕೊಂಡಿದ್ದರೆ ಪಕ್ಕದ ಲೈನಿನಲ್ಲಿ ಬರುವ ಗಾಡಿಗೆ ಅದು ಬಡಿಯುತ್ತದೆ. ಸಿಮೆಂಟ್ ಧೂಳು ಕೂತು ಈ ಗುರುತು ನೆಲದ ಬಣ್ಣಕ್ಕೇ ತಿರುಗಿಬಿಡುತ್ತದೆ. ತಿಂಗಳಿಗೊಮ್ಮೆಯಾದರೂ ಸುಣ್ಣ ಬಳಿಸಬೇಕು. ಇದನ್ನು ಯಾರಾದರೂ ಮಾಡುತ್ತಾರೆಂದು ಕಾಯದೆ ಪಾಯಿಂಟ್ಸ್‌ಮನ್ನರೇ ಮಾಡುವುದು ಒಳ್ಳೆಯದು, ಏಕೆಂದರೆ ರಾತ್ರಿ ಅದನ್ನು ಹುಡುಕಬೇಕಾದವರು ಅವರೇ.

ನಾಲ್ಕನೆಯದು ಇಳಿಜಾರು. ಕಣ್ಣಿಗೆ ಸಪಾಟಾಗಿ ಕಾಣುವ ಯಾರ್ಡ್ ಸಪಾಟಾಗಿರುವುದಿಲ್ಲ. ಗಾಡಿಗಳು ನಿಲ್ಲುವ ಯಾರ್ಡಿಗೆ 1200ಕ್ಕೆ 1ರ ಇಳಿಜಾರು ಒಳ್ಳೆಯದೆಂದೂ 400ಕ್ಕೆ 1ಕ್ಕಿಂತ ಕಡಿದಾಗಿರಬಾರದೆಂದೂ ರೈಲ್ವೆ ಹೇಳುತ್ತದೆ. ತುಂಬಿದ ಬಿಸಿಎನ್‌ಎಚ್‌ಎಲ್ ವ್ಯಾಗನ್ನಿನ ತೂಕ ಸುಮಾರು 91 ಟನ್. 400ಕ್ಕೆ 1ರ ಇಳಿಜಾರಿನಲ್ಲಿ ಅದನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 230 ಕಿಲೋ. ರೋಲರ್ ಬೇರಿಂಗಿನ ಚಕ್ರ ಒಮ್ಮೆ ಉರುಳಲು ಆರಂಭಿಸಿದರೆ ತನ್ನಷ್ಟಕ್ಕೆ ಓಡಲು ಇಷ್ಟು ಸಾಕು. ಅಂಥ 29 ವ್ಯಾಗನ್‌ಗಳನ್ನು ಅದೇ ಏರಿನಲ್ಲಿ ಮೇಲಕ್ಕೆ ತಳ್ಳಲು ಎಂಜಿನ್ನಿಗೆ ಸಪಾಟು ನೆಲದಲ್ಲಿ ಬೇಕಾದುದಕ್ಕಿಂತ ಆರೂವರೆ ಟನ್ನಿನಷ್ಟು ಹೆಚ್ಚು ಬಲ ಬೇಕು. ಯಾವ ಲೈನ್ ಯಾವ ಕಡೆಗೆ ಇಳಿಯುತ್ತದೆ ಎಂಬುದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುವಂತಿರಬೇಕು.

ಯಾರ ಎಂಜಿನ್, ಯಾರ ಗಡಿಯಾರ

ಸೈಡಿಂಗಿನಲ್ಲಿ ಎಂಜಿನ್ ಎರಡು ರೀತಿಯಲ್ಲಿ ಒದಗುತ್ತದೆ. ಒಂದು, ಕಾರ್ಖಾನೆ ತನ್ನದೇ ಶಂಟಿಂಗ್ ಲೋಕೋ ಇಟ್ಟುಕೊಳ್ಳುವುದು. ಝಾನ್ಸಿಯ ಬಿಎಚ್‌ಇಎಲ್ ಕಟ್ಟಿದ 700 ಅಶ್ವಶಕ್ತಿಯವು, ಬೆಂಗಳೂರಿನ ಸ್ಯಾನ್ ಕಂಪನಿಯ ಡೀಸೆಲ್ ಹೈಡ್ರಾಲಿಕ್‌ಗಳು, ದೊಡ್ಡ ಯಾರ್ಡುಗಳಲ್ಲಿ ಡಬ್ಲ್ಯುಡಿಎಸ್ 6 ವರ್ಗದವು ದೇಶದ ಕಾರ್ಖಾನೆಗಳಲ್ಲಿ ದುಡಿಯುತ್ತವೆ. ಇನ್ನೊಂದು, ರೈಲ್ವೆಯ ಎಂಜಿನ್ನೇ ತುಂಬುವ ಅಥವಾ ಇಳಿಸುವ ಹೊತ್ತಿನಲ್ಲಿ ಕಾದು ನಿಂತು ಅದೇ ರೇಕನ್ನು ಒಯ್ಯುವ ಪದ್ಧತಿ. ಇದಕ್ಕೆ ಎಂಜಿನ್ ಆನ್ ಲೋಡ್ ಎಂದು ಹೆಸರು. ಎರಡನೆಯದರಲ್ಲಿ ಕಾರ್ಖಾನೆಗೆ ಎಂಜಿನ್ನಿನ ಖರ್ಚು ಉಳಿಯುತ್ತದೆ, ಆದರೆ ಕೊಡುವ ಸಮಯ ಕಡಿಮೆ. ನನ್ನ ಅಭಿಪ್ರಾಯದಲ್ಲಿ, ಪೂರ್ತಿ ರೇಕ್ ಒಂದೇ ಸಲಕ್ಕೆ ನಿಲ್ಲುವ ಉದ್ದ ಇಲ್ಲದ ಸೈಡಿಂಗಿಗೆ ಸ್ವಂತ ಎಂಜಿನ್ನೇ ಸರಿ.

ರೇಕನ್ನು ಒಪ್ಪಿಸಿದ ಹೊತ್ತಿನಿಂದ, ಅಂದರೆ ಪ್ಲೇಸ್‌ಮೆಂಟ್ ಆದ ಹೊತ್ತಿನಿಂದ ಗಡಿಯಾರ ಓಡುತ್ತದೆ. ತುಂಬಲು ಇಳಿಸಲು ರೈಲ್ವೆ ಕೊಡುವ ಉಚಿತ ಸಮಯ ಮೀರಿದರೆ ಡೆಮರೇಜ್, ಅಂದರೆ ತಡಕ್ಕೆ ದಂಡದ ಶುಲ್ಕ. ಒಂದು ವ್ಯಾಗನ್ನಿಗೆ ಗಂಟೆಗೆ 150 ರೂಪಾಯಿಯ ಮೂಲ ದರದಲ್ಲಿ ಲೆಕ್ಕ ಹಾಕಿದರೂ 58 ವ್ಯಾಗನ್ನಿನ ರೇಕ್ ಒಂದು ಗಂಟೆ ಹೆಚ್ಚು ನಿಂತರೆ 8,700 ರೂಪಾಯಿ ಆಗುತ್ತದೆ; ಚಾಲ್ತಿಯಲ್ಲಿರುವ ದರಕ್ಕೆ ಆಯಾ ಕಾಲದ ಸುತ್ತೋಲೆಯನ್ನು ನೋಡಬೇಕು. ಒಪ್ಪಿಸಿಕೊಳ್ಳುವಾಗ ಟ್ರೈನ್ ಮ್ಯಾನೇಜರ್ (ಹಿಂದಿನ ಹೆಸರು ಗಾರ್ಡ್) ಅಥವಾ ರೈಲ್ವೆಯ ಗುಮಾಸ್ತರೊಂದಿಗೆ ನಿಂತು ಸಮಯ, ವ್ಯಾಗನ್ ಸಂಖ್ಯೆ, ಮುರಿದ ಬಾಗಿಲು, ಇಲ್ಲದ ಹೋಸ್ ಪೈಪ್, ಎಲ್ಲವನ್ನೂ ಜಂಟಿಯಾಗಿ ಬರೆದು ಇಬ್ಬರೂ ಸಹಿ ಹಾಕಬೇಕು. ಬರೆಯದೆ ಬಿಟ್ಟ ಮುರುಕನ್ನು ಕಾರ್ಖಾನೆಯೇ ಮುರಿದದ್ದೆಂದು ನಂತರ ಹೇಳಿದರೆ ಉತ್ತರವಿರುವುದಿಲ್ಲ.

ಸರಿಸುವ ಮೊದಲು ನಡೆದು ನೋಡಬೇಕು

ನಿಂತ ವ್ಯಾಗನ್‌ಗಳನ್ನು ಸರಿಸುವ ಮೊದಲು ಎರಡೂ ಬದಿಯಲ್ಲಿ ಉದ್ದಕ್ಕೂ ನಡೆಯುವುದು ಬಿಡಲೇಬಾರದ ಕೆಲಸ. ಮೇ ತಿಂಗಳಲ್ಲಿ ಸೋಲಾಪುರದ ಬಿಸಿಲು 43 ಡಿಗ್ರಿ ಮುಟ್ಟಿದಾಗ ಸೈಡಿಂಗಿನಲ್ಲಿ ವ್ಯಾಗನ್ನಿನ ಹೊಟ್ಟೆಯ ಕೆಳಗಲ್ಲದೆ ಬೇರೆ ನೆರಳೇ ಇರುವುದಿಲ್ಲ. ಚೀಲ ಹೊತ್ತು ದಣಿದ ಹಮಾಲರು ಎರಡು ಹಳಿಗಳ ನಡುವೆ ಗೋಣಿ ಹಾಸಿ, ತಲೆಗೆ ಸ್ಲೀಪರನ್ನೇ ಆನಿಸಿ ಮಲಗುತ್ತಾರೆ. ಧೂಳು ಮೆತ್ತಿದ ಮೈ ಧೂಳಿನ ನೆಲದಲ್ಲಿ ಬೇರೆಯಾಗಿ ಕಾಣುವುದಿಲ್ಲ. ಬಗ್ಗಿ ನೋಡಿದಾಗ ಮೊದಲು ಕಾಣುವುದು ಅಂಗಾಲು. ಒಂದು ಮಧ್ಯಾಹ್ನ ನಾನು ಹಾಗೆ ಬಗ್ಗಿ ನೋಡಿ ಮೂವರನ್ನು ಎಬ್ಬಿಸಿದ್ದೇನೆ. ಎಂಜಿನ್ ಆಗಲೇ ಸೀಟಿ ಹೊಡೆದಾಗಿತ್ತು, ಒಬ್ಬರಿಗೂ ಎಚ್ಚರವಾಗಿರಲಿಲ್ಲ. ಅಂದಿನಿಂದ ಸೀಟಿಯನ್ನು ಮಾತ್ರ ನಂಬುವುದನ್ನು ಬಿಟ್ಟೆ. ಹಮಾಲರ ಮುಕಾದಮರು ತಮ್ಮ ತಂಡದ ತಲೆಗಳನ್ನು ಎಣಿಸಿ, ಎಲ್ಲರೂ ಹೊರಗಿದ್ದಾರೆಂದು ಎದುರು ನಿಂತು ಹೇಳಿದ ಮೇಲೆಯೇ ಕೆಂಪು ಬಾವುಟವನ್ನು ಹಳಿಯಿಂದ ತೆಗೆಯಬೇಕು. ಫೋನಿನಲ್ಲಿ ಹೇಳಿದ್ದು ಸಾಲದು.

ಅದೇ ನಡಿಗೆಯಲ್ಲಿ ಬಾಗಿಲುಗಳು ಮುಚ್ಚಿವೆಯೇ, ಪ್ಲಾಟ್‌ಫಾರ್ಮಿನಿಂದ ವ್ಯಾಗನ್ನಿನೊಳಗೆ ಹಾಕಿದ ಹಲಗೆಗಳನ್ನು ತೆಗೆದಿದ್ದಾರೆಯೇ, ಚೀಲ ತುಂಬುವ ಯಂತ್ರದ ತೋಳು ಹೊರಗೆ ಬಂದಿದೆಯೇ ಎಂದು ನೋಡಬೇಕು. ಚಕ್ರದ ಕೆಳಗೆ ಇಟ್ಟ ಬೆಣೆಗಳನ್ನು ಎಣಿಸಿ ತೆಗೆಯಬೇಕು. ಹ್ಯಾಂಡ್‌ಬ್ರೇಕುಗಳನ್ನು ಪೂರ್ತಿ ಬಿಚ್ಚಬೇಕು. ಒಂದು ಬಿಗಿಯಾಗಿ ಉಳಿದರೂ ಆ ಚಕ್ರ ಉರುಳದೆ ಹಳಿಯ ಮೇಲೆ ಜಾರುತ್ತ ಹೋಗಿ ಒಂದೇ ಕಡೆ ಸವೆದು ಚಪ್ಪಟೆಯಾಗುತ್ತದೆ, ಮುಂದೆ ಅದು ಮುಖ್ಯ ಮಾರ್ಗದಲ್ಲಿ ಪ್ರತಿ ಸುತ್ತಿಗೂ ಹಳಿಯನ್ನು ಬಡಿಯುತ್ತದೆ.

ವಿದ್ಯುತ್ ತಂತಿ ಎಳೆದ ಲೈನಿನಲ್ಲಿ ವ್ಯಾಗನ್ ಮೇಲೆ ಯಾರೂ ಹತ್ತಬಾರದು. ಮೇಲಿರುವುದು 25,000 ವೋಲ್ಟ್. ತಂತಿಯನ್ನು ಮುಟ್ಟಬೇಕೆಂದೇನೂ ಇಲ್ಲ, ಎರಡು ಮೀಟರಿನೊಳಗೆ ಹೋದರೂ ಅಪಾಯ. ಐಸೊಲೇಟರ್ ತೆಗೆದು (ತಂತಿಯ ವಿದ್ಯುತ್ ಕಡಿದು) ಅರ್ಥಿಂಗ್ ಮಾಡಿರುವುದನ್ನು (ತಂತಿಯನ್ನು ನೆಲಕ್ಕೆ ಜೋಡಿಸಿರುವುದನ್ನು) ಕಣ್ಣಾರೆ ಕಂಡ ಮೇಲೆಯೇ ಹತ್ತಲು ಬಿಡಬೇಕು.

ಇನ್ನು ಪಾಯಿಂಟ್. ಕ್ಲಿಂಕರಿನ ಒಂದು ಗುಂಡುಕಲ್ಲು ಸರಿಯುವ ಚೂಪು ಹಳಿಗೂ ಅದು ಅಂಟಿ ಕೂರಬೇಕಾದ ಸ್ಟಾಕ್ ಹಳಿಗೂ ನಡುವೆ ಸಿಕ್ಕಿಕೊಂಡರೆ ಲಿವರ್ ಪೂರ್ತಿ ಬಿದ್ದಂತೆ ಕಂಡರೂ ಹಳಿ ಅಂಟಿಕೊಂಡಿರುವುದಿಲ್ಲ. ಚಕ್ರದ ಅಂಚು ಆ ಸಂದಿನಲ್ಲಿ ಹೊಕ್ಕರೆ ವ್ಯಾಗನ್ನಿನ ಒಂದು ಬೋಗಿ (ಕೆಳಗಿನ ಚಕ್ರಗಳ ಚೌಕಟ್ಟು) ಒಂದು ಲೈನಿಗೆ, ಇನ್ನೊಂದು ಬೋಗಿ ಇನ್ನೊಂದು ಲೈನಿಗೆ. ಆದ್ದರಿಂದ ಲಿವರ್ ಎಳೆದ ಮೇಲೆ ಪಾಯಿಂಟಿನ ಮೂತಿಯ ಬಳಿಗೆ ಹೋಗಿ ಎರಡೂ ಕಡೆ ನೋಡಬೇಕು: ಕೂಡಿದ ಕಡೆ ಸಂದು ಇರಬಾರದು, ತೆರೆದ ಕಡೆ ನಾಲ್ಕೂವರೆ ಇಂಚಿನಷ್ಟು, ಅಂದರೆ ಸುಮಾರು 115 ಮಿಲಿಮೀಟರ್ ಬಿಚ್ಚಿರಬೇಕು. ಬಳಿಕ ಕ್ಲ್ಯಾಂಪ್ ಹಾಕಿ ಬೀಗ ಜಡಿದು, ಬೀಗದ ಕೈಯನ್ನು ತನ್ನ ಜೇಬಿನಲ್ಲಿಯೇ ಇಟ್ಟುಕೊಳ್ಳಬೇಕು. ಮಂಜಿನ ತಿಂಗಳುಗಳಲ್ಲಿ ಸಿಮೆಂಟ್ ಧೂಳು ಇಬ್ಬನಿಯಲ್ಲಿ ನೆನೆದು ಚೂಪು ಹಳಿ ಸರಿಯುವ ತಟ್ಟೆಗಳಾದ ಸ್ಲೈಡ್ ಚೇರುಗಳ ಮೇಲೆ ಗಟ್ಟಿಯಾಗುತ್ತದೆ. ಆಗ ಬರೀ ಎಣ್ಣೆ ಹಾಕಿದರೆ ಎಣ್ಣೆಯೂ ಧೂಳೂ ಸೇರಿ ಇನ್ನಷ್ಟು ಕೆಡುತ್ತದೆ; ಮೊದಲು ಕೆರೆದು, ಬಟ್ಟೆಯಿಂದ ಒರೆಸಿ, ಆಮೇಲೆ ಎಣ್ಣೆ. ಮಳೆಗಾಲದಲ್ಲಿ ಎರೆಮಣ್ಣು ಉಬ್ಬಿ, ನಂತರ ಬಿರಿದು, ಹಳಿಯ ಒಂದು ಬದಿ ಕುಸಿಯುವುದುಂಟು. ಕಾರ್ಖಾನೆಯೇ ಈ ಹಳಿಯ ಪಾಲಕನಾದ್ದರಿಂದ ಎರಡು ಹಳಿಗಳನ್ನು ಜೋಡಿಸುವ ಫಿಶ್‌ಪ್ಲೇಟಿನ ಬೋಲ್ಟು ಸಡಿಲವಾಗಿರುವುದನ್ನೂ ಕೆಸರು ಮೇಲೆ ಚಿಮ್ಮುವ ಜಾಗವನ್ನೂ ಬರೆದು ಕೊಡುವುದು ಪಾಯಿಂಟ್ಸ್‌ಮನ್ನರ ಕರ್ತವ್ಯವೇ.

ಅಪ್ಪಣೆ ಒಬ್ಬರದೇ

ಒಂದು ಶಂಟಿಂಗಿಗೆ ಒಬ್ಬರೇ ಯಜಮಾನರು. ಪ್ಯಾಕಿಂಗ್ ಪ್ಲಾಂಟಿನ ಫೋರ್‌ಮನ್ ಆಗಲಿ, ಡಿಸ್‌ಪ್ಯಾಚ್ ಆಫೀಸಿನವರಾಗಲಿ, ಮ್ಯಾನೇಜರ್ ಸಾಹೇಬರೇ ಆಗಲಿ, ಏನು ಬೇಕೋ ಅದನ್ನು ಶಂಟಿಂಗ್ ಮಾಸ್ತರರಿಗೆ ಹೇಳಬೇಕು. ಎಂಜಿನ್ ನಡೆಸುವವರಿಗೆ ಶಂಟಿಂಗ್ ಮಾಸ್ತರರೊಬ್ಬರೇ ಹೇಳಬೇಕು. ಆದರೆ ನಿಲ್ಲಿಸಲು ಯಾರು ಬೇಕಾದರೂ ಹೇಳಬಹುದು, ಹಮಾಲನ ಮಗು ಕೂಗಿದರೂ ಎಂಜಿನ್ ನಿಲ್ಲಬೇಕು.

ಕೈಸನ್ನೆಗಳನ್ನು ರೈಲ್ವೆಯ ನಿಯಮದಲ್ಲಿರುವಂತೆಯೇ ಕಲಿಯಬೇಕು, ಕಾರ್ಖಾನೆಗೊಂದು ಹೊಸ ಸನ್ನೆ ಹುಟ್ಟಿಸಬಾರದು. ಸನ್ನೆ ಮಾಡುವವನಿಂದ ದೂರ ಹೋಗು ಎನ್ನಲು ಹಗಲಲ್ಲಿ ಹಸಿರು ಬಾವುಟವನ್ನು ಅಥವಾ ಒಂದು ಕೈಯನ್ನು, ರಾತ್ರಿ ಹಸಿರು ದೀಪವನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಬೇಕು. ಹತ್ತಿರ ಬಾ ಎನ್ನಲು ಅದನ್ನೇ ಮೈಯ ಎದುರು ಆ ಬದಿಯಿಂದ ಈ ಬದಿಗೆ ಆಡಿಸಬೇಕು. ಕೂಡಿಸಲು ಮೆಲ್ಲಗೆ ಬಾ ಎನ್ನಲು ಹಗಲಲ್ಲಿ ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಒಂದಕ್ಕೊಂದು ಹತ್ತಿರ ತಂದು ದೂರ ಮಾಡಬೇಕು. ರಾತ್ರಿ ಹಸಿರು ದೀಪವನ್ನು ತಲೆಯ ಮೇಲೆ ಹಿಡಿದು ಮಣಿಕಟ್ಟು ತಿರುವಬೇಕು. ನಿಲ್ಲಿಸಲು ಕೆಂಪು. ಕೆಂಪು ಕೈಯಲ್ಲಿ ಇಲ್ಲದಿದ್ದರೆ ಹಗಲಲ್ಲಿ ಅಂಗೈ ಬಿಚ್ಚಿ ಎರಡೂ ತೋಳುಗಳನ್ನು ಎತ್ತಬೇಕು, ರಾತ್ರಿ ಬಿಳಿ ದೀಪವನ್ನು ಜೋರಾಗಿ ಬೀಸಬೇಕು. ಸನ್ನೆ ಮಾಡುವವರು ಕಣ್ಣಿಗೆ ಮರೆಯಾದ ಕ್ಷಣವೇ ಎಂಜಿನ್ ನಿಲ್ಲಬೇಕು.

ವಾಕಿ ಟಾಕಿ ಬಂದ ಮೇಲೆ ಕೆಲಸ ಸುಲಭವಾಗಿದೆ, ಆದರೆ ನಮ್ಮ ಸೀಮೆಯಲ್ಲಿ ಅದಕ್ಕೊಂದು ವಿಶೇಷ ಎಚ್ಚರ ಬೇಕು. ಹಿಂದಿನ ತುದಿಯಲ್ಲಿ ನಿಂತವರು ಇನ್ನು ಎಷ್ಟು ವ್ಯಾಗನ್ ದೂರವಿದೆ ಎಂದು ಹತ್ತು, ಐದು, ಮೂರು, ಒಂದು, ಅರ್ಧ ಎಂದು ಹೇಳುತ್ತ ಹೋಗುತ್ತಾರೆ. ಸೋಲಾಪುರದಲ್ಲಿ ಕನ್ನಡ, ಮರಾಠಿ, ತೆಲುಗು ಮೂರೂ ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ತೆಲುಗಿನಲ್ಲಿ ‘ಏಡು’ ಎಂದರೆ ಏಳು. ಕರಕರ ಸದ್ದಿನ ಸೆಟ್ಟಿನಲ್ಲಿ ನಮ್ಮ ‘ಎರಡು’ ಅವರ ಕಿವಿಗೆ ‘ಏಡು’ ಎಂದೇ ಬೀಳುತ್ತದೆ. ಎರಡು ವ್ಯಾಗನ್ ದೂರ ಉಳಿದಿರುವಾಗ ಏಳು ಉಳಿದಿದೆ ಎಂದು ತಿಳಿದು ಬರುವ ಎಂಜಿನ್ ಎಷ್ಟು ಜೋರಾಗಿ ಬಡಿಯುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಅಂಕಿಗಳಿಗೆ ಇಡೀ ಯಾರ್ಡಿಗೆ ಒಂದೇ ಭಾಷೆ ಎಂದು ಗೊತ್ತುಮಾಡಿ, ಹೇಳಿದ್ದನ್ನು ಎಂಜಿನ್ ನಡೆಸುವವರು ತಿರುಗಿ ಹೇಳಬೇಕೆಂಬ ಕಟ್ಟಳೆ ಮಾಡಬೇಕು. ಹೇಳಿದ ದೂರದ ಅರ್ಧ ಸಾಗುವುದರೊಳಗೆ ಮುಂದಿನ ಮಾತು ಬರದಿದ್ದರೆ ನಿಲ್ಲಬೇಕು. ಕನ್ನಡವೇ ಆ ಭಾಷೆಯಾಗಬೇಕೆಂದು ನಾನು ಹಟ ಹಿಡಿಯುವುದಿಲ್ಲ; ನಮ್ಮಲ್ಲಿ ಹಿಂದಿಯ ಅಂಕಿಗಳು ರೂಢಿಯಾದವು, ಅದರಿಂದ ಒಳ್ಳೆಯದೇ ಆಯಿತು.

ಶಂಟಿಂಗಿನ ವೇಗ ಗಂಟೆಗೆ 15 ಕಿಲೋಮೀಟರ್ ಮೀರಬಾರದೆಂಬುದು ರೈಲ್ವೆಯ ನಿಯಮ. ಕಾರ್ಖಾನೆಯೊಳಗೆ ಲಾರಿಗಳು ಹಳಿ ದಾಟುವ ಕಡೆ, ಟಿಪ್ಲರ್ (ವ್ಯಾಗನ್ನನ್ನು ಮಗುಚಿ ಸುರಿಯುವ ಯಂತ್ರ) ಮತ್ತು ತೂಕದ ಸೇತುವೆಯ ಬಳಿ ಅದಕ್ಕಿಂತ ಬಹಳ ಕಡಿಮೆ ಇರಬೇಕು. ವ್ಯಾಗನ್ನಿನ ಪಕ್ಕದಲ್ಲಿ ಮನುಷ್ಯ ಸಾಧಾರಣವಾಗಿ ನಡೆಯುವ ವೇಗ ಎಂದುಕೊಂಡರೆ ಸರಿ. ಲಾರಿ ದಾಟುವ ಕಡೆ ಒಬ್ಬರು ಮುಂಚೆಯೇ ಹೋಗಿ ಕೆಂಪು ತೋರಿಸಿ ಎರಡೂ ಕಡೆ ತಡೆಯಬೇಕು.

ಕೂಡಿಸುವುದು ಮತ್ತು ಬಿಡಿಸುವುದು

ಕೂಡಿಸುವ ಮೊದಲು ಎಂಜಿನ್ ಇಪ್ಪತ್ತು ಮೀಟರ್ ದೂರದಲ್ಲಿ ಪೂರ್ತಿ ನಿಲ್ಲಬೇಕು. ಆಗಲೇ ಕಪ್ಲರಿನ ನಕಲ್ ಎಂಬ ಬೆರಳು ಒಂದು ಕಡೆಯಾದರೂ ತೆರೆದಿದೆಯೇ, ಎರಡೂ ಮೂತಿಗಳು ಒಂದು ನೇರಕ್ಕೆ ಇವೆಯೇ ನೋಡಿ ಸರಿಪಡಿಸಬೇಕು. ಗಾಡಿ ಅಲುಗುತ್ತಿರುವಾಗ ನಡುವೆ ಕೈ ಹಾಕುವುದು, ಕಾಲಿನಿಂದ ಕಪ್ಲರನ್ನು ಒದ್ದು ಸರಿಸುವುದು, ಈ ಎರಡೂ ಮನುಷ್ಯನನ್ನು ಅಂಗಹೀನನನ್ನಾಗಿ ಮಾಡಿರುವ ಅಭ್ಯಾಸಗಳು. ಕೂಡಿದ ಮೇಲೆ ಒಮ್ಮೆ ಹಗುರವಾಗಿ ಎಳೆದು ನೋಡಿಸಬೇಕು, ಲಾಕ್ ಪೂರ್ತಿ ಇಳಿದಿದೆಯೇ ಎಂದು ಕಣ್ಣಿನಿಂದಲೂ ನೋಡಬೇಕು.

ಬಳಿಕ ಗಾಳಿಯ ಪೈಪ್. ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ, ಫೀಡ್ ಪೈಪ್ ಇರುವಲ್ಲಿ ಅದರಲ್ಲಿ 6 ಕಿಲೋ ಒತ್ತಡ ಇರುತ್ತದೆ. ಪೈಪಿನ ತುದಿಯಲ್ಲಿ ಗಾಳಿಯನ್ನು ಬಿಡುವ, ತಡೆಯುವ ಏಂಗಲ್ ಕಾಕಿನ ಹಿಡಿ ಪೈಪಿಗೆ ಸಮಾನಾಂತರವಾಗಿದ್ದರೆ ತೆರೆದಿದೆ, ಅಡ್ಡವಾಗಿದ್ದರೆ ಮುಚ್ಚಿದೆ. ನಾಲ್ಕೈದು ವ್ಯಾಗನ್‌ಗಳಿಗೆ ಎಂಜಿನ್ನಿನ ಬ್ರೇಕ್ ಸಾಕೆಂದು ಪೈಪ್ ಜೋಡಿಸದೆಯೇ ಎಳೆಯುವ ರೂಢಿ ಹಲವು ಯಾರ್ಡುಗಳಲ್ಲಿದೆ. ತುಂಬಿದ ವ್ಯಾಗನ್‌ಗಳಿಗೆ ನಾನು ಅದನ್ನು ಒಪ್ಪುವುದಿಲ್ಲ. ಜೋಡಿಸಿದ ಮೇಲೆ ಕೊನೆಯ ವ್ಯಾಗನ್ನಿನ ಕಾಕನ್ನು ಒಂದು ಗಳಿಗೆ ತೆರೆದು, ಗಾಳಿ ರಭಸದಿಂದ ಹೊರಬರುವುದನ್ನೂ ಎಂಜಿನ್ನಿನ ಗೇಜಿನಲ್ಲಿ ಮುಳ್ಳು ಇಳಿಯುವುದನ್ನೂ ಖಾತ್ರಿ ಮಾಡಿಕೊಳ್ಳಬೇಕು. ನಡುವೆ ಒಂದು ಕಾಕ್ ಮುಚ್ಚಿಯೇ ಉಳಿದಿದ್ದರೆ ಅದರ ಹಿಂದಿನ ವ್ಯಾಗನ್‌ಗಳಿಗೆ ಬ್ರೇಕೇ ಇಲ್ಲ ಎಂಬುದು ಈ ಒಂದು ಪರೀಕ್ಷೆಯಿಂದ ಹೊರಬೀಳುತ್ತದೆ.

ನಡುವಿನ ವ್ಯಾಗನ್ ತೆಗೆಯುವ ಲೆಕ್ಕ

ಶಂಟಿಂಗಿನಲ್ಲಿ ಬುದ್ಧಿಗೆ ಕೆಲಸ ಕೊಡುವ ಭಾಗ ಇದು. ಮೂರನೆಯ ಲೈನಿನಲ್ಲಿ 29 ವ್ಯಾಗನ್ ತುಂಬಿ ನಿಂತಿವೆ, ಎಂಜಿನ್ ನೆಕ್ಕಿನ ಕಡೆಗಿದೆ, ಎಂಜಿನ್ನಿನಿಂದ ಎಣಿಸಿದರೆ 17ನೆಯ ವ್ಯಾಗನ್ನಿನ ಬಾಗಿಲು ಮುರಿದು ರೈಲ್ವೆಯ ಪರೀಕ್ಷಕರು ಅದನ್ನು ಸಿಕ್, ಅಂದರೆ ಓಡಿಸಬಾರದ್ದು, ಎಂದು ಬರೆದಿದ್ದಾರೆ ಎಂದುಕೊಳ್ಳೋಣ. ಮೊದಲು 18ರಿಂದ 29ರವರೆಗಿನವನ್ನು ಹ್ಯಾಂಡ್‌ಬ್ರೇಕ್ ಹಾಕಿ ಭದ್ರಪಡಿಸಿ, 17 ಮತ್ತು 18ರ ನಡುವೆ ಬಿಡಿಸಬೇಕು. ಎಂಜಿನ್ 17 ವ್ಯಾಗನ್‌ಗಳನ್ನು ಎಳೆದುಕೊಂಡು ಪಾಯಿಂಟಿನ ಆಚೆ ನೆಕ್ಕಿಗೆ ಹೋಗಬೇಕು. ಪಾಯಿಂಟನ್ನು ಸಿಕ್ ಲೈನಿಗೆ ತಿರುಗಿಸಿ, 17ನೆಯದು ಫೌಲಿಂಗ್ ಮಾರ್ಕ್ ದಾಟುವವರೆಗೆ ತಳ್ಳಿ, ಅದನ್ನು ಭದ್ರಪಡಿಸಿ ಬಿಡಿಸಬೇಕು. ಉಳಿದ 16ರೊಂದಿಗೆ ನೆಕ್ಕಿಗೆ ಮರಳಿ, ಪಾಯಿಂಟನ್ನು ಮೂರನೆಯ ಲೈನಿಗೆ ತಂದು, ಮೆಲ್ಲಗೆ ತಳ್ಳಿ 18ಕ್ಕೆ ಕೂಡಿಸಬೇಕು.

ಇದಕ್ಕೆ ನೆಕ್ ಎಷ್ಟು ಬೇಕು? 17 ವ್ಯಾಗನ್‌ಗಳಿಗೆ 186 ಮೀಟರ್, ಎಂಜಿನ್ನಿಗೆ 17 ಎಂದಿಟ್ಟುಕೊಂಡರೆ 203 ಮೀಟರ್. ನೆಕ್ 150 ಮೀಟರ್ ಮಾತ್ರ ಇದ್ದರೆ ಅದರಲ್ಲಿ 12 ವ್ಯಾಗನ್ ಹಿಡಿಯುತ್ತವೆ. ಹೇಗೂ ಹಿಡಿಯಬಹುದೆಂದು ನೂಕಿದರೆ ಎಂಜಿನ್ ಡೆಡ್ ಎಂಡಿಗೆ ಬಡಿಯುತ್ತದೆ. ಆಗ ಎರಡು ಕಂತಿನಲ್ಲಿ ಮಾಡಬೇಕು. 13ರಿಂದ ಹಿಂದಿನವನ್ನು ಭದ್ರಪಡಿಸಿ, ಮೊದಲ 12ನ್ನು ಎಳೆದು ಖಾಲಿ ಇರುವ ಎರಡನೆಯ ಲೈನಿನಲ್ಲಿಟ್ಟು ಭದ್ರಪಡಿಸಬೇಕು. ಎಂಜಿನ್ ಬರಿಗೈಯಲ್ಲಿ ಮೂರನೆಯ ಲೈನಿಗೆ ಬಂದು 13ಕ್ಕೆ ಕೂಡಿ, 17ರ ಹಿಂದೆ ಬಿಡಿಸಿ, ಐದನ್ನು ಎಳೆದು 17ನ್ನು ಸಿಕ್ ಲೈನಿಗೆ ಹಾಕಿ, ಉಳಿದ ನಾಲ್ಕನ್ನು 18ಕ್ಕೆ ಕೂಡಿಸಿ ಬಿಟ್ಟುಬರಬೇಕು. ಕೊನೆಗೆ ಎರಡನೆಯ ಲೈನಿನ 12ನ್ನು ತಂದು 13ಕ್ಕೆ ಕೂಡಿಸಿದರೆ ಸಾಲು ಮೊದಲಿನ ಕ್ರಮದಲ್ಲಿಯೇ ಇರುತ್ತದೆ. ವ್ಯಾಗನ್ ಸಂಖ್ಯೆಗಳ ಪಟ್ಟಿ ಕೆಡುವುದಿಲ್ಲ, 17 ಒಂದನ್ನು ಹೊಡೆದುಹಾಕಿದರೆ ಸಾಕು. ಎಂಜಿನ್ ಅಲುಗುವ ಮೊದಲೇ ಈ ಹೆಜ್ಜೆಗಳನ್ನು ಕಾಗದದ ಮೇಲೆ ಬರೆದು ಎಲ್ಲರಿಗೂ ತೋರಿಸಬೇಕು. ಇಪ್ಪತ್ತು ವರ್ಷದ ಅನುಭವ ಇದ್ದವರೂ ಬರೆಯಬೇಕು. ಕಷ್ಟದ ಶಂಟಿಂಗನ್ನು ನಡುವೆ ನಿಂತು ಯೋಚಿಸುವವರ ಹಿಂದೆ ಡೆಮರೇಜಿನ ಗಡಿಯಾರ ಓಡುತ್ತಿರುತ್ತದೆ, ಆ ಒತ್ತಡದಲ್ಲಿ ಒಂದು ಪಾಯಿಂಟ್ ಮರೆತುಹೋಗುತ್ತದೆ.

ಎಂಜಿನ್ ಇಲ್ಲದ ಹೊತ್ತಿನಲ್ಲಿ ಜೆಸಿಬಿಯಿಂದಲೋ ಟ್ರ್ಯಾಕ್ಟರಿನಿಂದಲೋ ವ್ಯಾಗನ್ ತಳ್ಳಿಸುವುದನ್ನು ಕಂಡಿದ್ದೇನೆ. ತಳ್ಳಲು ಅದು ಸಾಕಾಗುತ್ತದೆ, ನಿಲ್ಲಿಸಲು ಆಗುವುದಿಲ್ಲ. ಅದನ್ನು ಮಾಡಲೇಬಾರದು. ಎಂಜಿನ್ನಿನಿಂದ ನೂಕಿ ಬಿಡಿಸಿ ವ್ಯಾಗನ್ನನ್ನು ತನ್ನಷ್ಟಕ್ಕೆ ಓಡಲು ಬಿಡುವುದೂ ಕಾರ್ಖಾನೆಯೊಳಗೆ ನಿಷಿದ್ಧವಾಗಿರಬೇಕು.

ನಿಲ್ಲಿಸಿ ಬಿಡುವಾಗ

ನನ್ನ ಎರಡನೆಯ ವರ್ಷದ ಮಳೆಗಾಲದಲ್ಲಿ, ಆಗ ನಾನಿದ್ದ ಸೈಡಿಂಗಿನಲ್ಲಿ ತುಂಬಿದ ಆರು ಕ್ಲಿಂಕರ್ ವ್ಯಾಗನ್‌ಗಳನ್ನು ರಾತ್ರಿ ಹತ್ತಕ್ಕೆ ಎರಡನೆಯ ಲೈನಿನಲ್ಲಿ ಬಿಟ್ಟಿದ್ದರು. ಪುಸ್ತಕದಲ್ಲಿ ಆರಕ್ಕೂ ಹ್ಯಾಂಡ್‌ಬ್ರೇಕ್ ಎಂದು ಬರೆದಿತ್ತು. ಹಾಕಿದ್ದು ಎರಡಕ್ಕೆ, ಅದೂ ಸಡಿಲವಾಗಿ. ಗಾಳಿಯ ಬ್ರೇಕ್ ಹಿಡಿದಿತ್ತು, ಚಕ್ರದ ಕೆಳಗೆ ಕಲ್ಲು ಇಟ್ಟಿದ್ದರು. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಸಿಲಿಂಡರಿನ ಗಾಳಿ ಸೋರಿ ಮುಗಿದಿತ್ತು. ಒದ್ದೆ ಕಲ್ಲುಗಳು ಪುಡಿಯಾದ ಸದ್ದು ಮೊದಲು ಕೇಳಿಸಿತು. ಆರೂ ವ್ಯಾಗನ್‌ಗಳು ದೀಪವಿಲ್ಲದೆ, ಸದ್ದಿಲ್ಲದೆ ಗೇಟಿನ ಕಡೆಗೆ ಇಳಿದವು. ತಾನಾಗಿ ಓಡಿಬಂದ ವ್ಯಾಗನ್ನನ್ನು ಬೇಕೆಂದೇ ಹಳಿ ತಪ್ಪಿಸುವ ಡಿರೇಲಿಂಗ್ ಸ್ವಿಚ್ ಅದರ ಜಾಗದಲ್ಲಿ ತೆರೆದಿದ್ದುದರಿಂದ ಮೊದಲ ವ್ಯಾಗನ್ನಿನ ಮುಂದಿನ ಬೋಗಿ ಹಳಿ ಬಿಟ್ಟು ಕೆಸರಿನಲ್ಲಿ ಹೂತು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಅದರಾಚೆ ಇದ್ದದ್ದು ಸ್ಟೇಷನ್ನಿಗೆ ಹೋಗುವ ಹಳಿ. ನಮ್ಮ ಹಿರಿಯ ಶಂಟರ್ ಕಾಕಾ ಟಾರ್ಚ್ ಹಿಡಿದು ಒಂದೊಂದೇ ಬ್ರೇಕ್ ಚಕ್ರವನ್ನು ಮುಟ್ಟಿ ನೋಡುತ್ತ ಬಂದು, “ಗಾಳೀನ ನಂಬಬ್ಯಾಡ ತಮ್ಮಾ, ಗಾಳಿ ಹೋಗೂದಕ್ಕನ ಇರತೈತಿ” ಎಂದರು.

ಆದ್ದರಿಂದ ನಿಲ್ಲಿಸಿ ಬಿಡುವ ಕ್ರಮ ಹೀಗಿರಬೇಕು. ಬಿಡಿಸುವ ಮುಂಚೆ ನಿಲ್ಲುವ ಭಾಗದ ಬ್ರೇಕ್ ಪೈಪಿನ ಗಾಳಿಯನ್ನು ಪೂರ್ತಿ ಹೊರಬಿಟ್ಟು ಬ್ರೇಕ್ ಹಿಡಿಸಬೇಕು. ಎರಡೂ ಕಾಕ್ ಮುಚ್ಚಿ ಗಾಳಿಯನ್ನು ಒಳಗೇ ಕೂಡಿಹಾಕಿದರೆ ಬ್ರೇಕ್ ತಾನಾಗಿ ಬಿಟ್ಟುಕೊಳ್ಳಬಹುದು. ಆಮೇಲೆ, ಎಂಜಿನ್ ಇನ್ನೂ ಕೂಡಿಕೊಂಡಿರುವಾಗಲೇ ಹ್ಯಾಂಡ್‌ಬ್ರೇಕ್ ತಿರುವಬೇಕು. ಚಕ್ರ ಬಿಗಿಯಾಯಿತೆಂದು ಕೈಗೆ ಅನ್ನಿಸಿದರೆ ಸಾಲದು, ಏಕೆಂದರೆ ತುಕ್ಕು ಹಿಡಿದ ಸಲಾಕೆಯೂ ಬಿಗಿಯಾಗಿಯೇ ಅನ್ನಿಸುತ್ತದೆ. ಬಗ್ಗಿ ಬ್ರೇಕ್ ಬ್ಲಾಕ್ ಚಕ್ರಕ್ಕೆ ಅಂಟಿದೆಯೇ ನೋಡಿ, ಬೂಟಿನ ತುದಿಯಿಂದ ಬ್ಲಾಕನ್ನು ಒಮ್ಮೆ ತಟ್ಟಬೇಕು. ಕದಲಿದರೆ ಆ ಬ್ರೇಕ್ ಲೆಕ್ಕಕ್ಕಿಲ್ಲ. ಇಳಿಜಾರಿನ ಕಡೆಯ ಕೊನೆಯ ವ್ಯಾಗನ್ನಿಗೆ ಸ್ಕಿಡ್ (ಚಕ್ರಕ್ಕೆ ಅಡ್ಡ ಇಡುವ ಕಬ್ಬಿಣದ ತಡೆ) ಅಥವಾ ಮರದ ಬೆಣೆ ಇಟ್ಟು, ಸರಪಳಿ ಸುತ್ತಿ ಹಳಿಗೆ ಬೀಗ ಹಾಕಬೇಕು. ಕಲ್ಲು ಬೆಣೆಯಲ್ಲ. ಖಾಲಿ ವ್ಯಾಗನ್ ಹಗುರವೆಂದು ಬಿಡಬಾರದು, ಮುಂಗಾರಿನ ಗಾಳಿಗೆ ಬಿಸಿಎನ್ ವ್ಯಾಗನ್ನಿನ ಗೋಡೆ ಹಾಯಿಯಂತೆ ಕೆಲಸ ಮಾಡುತ್ತದೆ. ಡಿರೇಲಿಂಗ್ ಸ್ವಿಚ್ ತೆರೆದಿದೆಯೇ ಎಂದು ನಡೆದು ಹೋಗಿ ನೋಡಿ ಬೀಗ ಹಾಕಬೇಕು.

ಪಾಳಿ ಬದಲಾಗುವಾಗ ಬರುವವರನ್ನು ಲೈನಿನ ಮೇಲೆ ಕರೆದೊಯ್ಯಬೇಕು. ಆಫೀಸಿನಲ್ಲಿ ಕೂತು ಒಪ್ಪಿಸಬಾರದು. ಯಾವ ಲೈನಿನಲ್ಲಿ ಎಷ್ಟು ವ್ಯಾಗನ್, ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ, ಎಷ್ಟಕ್ಕೆ ಹ್ಯಾಂಡ್‌ಬ್ರೇಕ್, ಎಷ್ಟು ಬೆಣೆ, ಎಷ್ಟು ಸರಪಳಿ, ಡಿರೇಲಿಂಗ್ ಸ್ವಿಚ್ಚಿನ ಬೀಗದ ಕೈ ಯಾರ ಬಳಿ ಎಂಬುದನ್ನು ಬರೆದ ಪುಸ್ತಕವನ್ನು ಅವರ ಕೈಗೆ ಕೊಟ್ಟು, ಬರೆದ ಪ್ರತಿ ಬ್ರೇಕನ್ನೂ ಅವರೇ ಮುಟ್ಟಿ ನೋಡಿದ ಮೇಲೆ ಸಹಿ ಪಡೆದು, ಬೀಗದ ಕೈಯನ್ನು ಕೈಯಿಂದ ಕೈಗೆ ಕೊಡಬೇಕು.